ಮೊದಲು ಮುಟ್ಟಿದ ದೋಣಿ

ರೇಡಿಯೋದಲ್ಲಿ ಸತ್ತವರ ಹೆಸರು ಓದಿ ಮುಗಿಯುವ ತನಕ ಆಜಾ ರೊಟ್ಟಿ ಮುರಿಯುತ್ತಿರಲಿಲ್ಲ. ಟ್ರಿನಿಡಾಡಿನ ಪೆನಾಲ್‌ನ ಆ ಮನೆಯಲ್ಲಿ ದಿನವೂ ಬೆಳಗ್ಗೆ ಏಳಕ್ಕೆ ಅಡುಗೆಮನೆಯ ಕಪಾಟಿನ ಮೇಲಿಂದ ಹೆಸರುಗಳು ಒಂದೊಂದಾಗಿ ಇಳಿದುಬರುತ್ತಿದ್ದವು. ಇಂಥ ರಸ್ತೆಯ ಇಂಥವರು, ಇಂಥವಳ ಗಂಡ, ಇಷ್ಟು ಮಕ್ಕಳ ತಂದೆ, ಇಷ್ಟು ಮೊಮ್ಮಕ್ಕಳ ಆಜಾ. ಹಿಂದೆ ಸಣ್ಣಗೆ ಒಂದು ಭಜನೆ. ತಟ್ಟೆಯಲ್ಲಿ ಸಾದಾ ರೊಟ್ಟಿಯೂ ಸುಟ್ಟ ಬದನೆಕಾಯಿಯ ಚೋಖಾವೂ ತಣ್ಣಗಾಗುತ್ತಿದ್ದವು.

"ನಿಮ್ಮ ಹೆಸರು ಇವತ್ತೂ ಬರಲಿಲ್ಲ. ಇನ್ನು ತಿನ್ನಿ," ಎಂದಳು ಆಜಿ.

ಆಜಾ ರೊಟ್ಟಿ ಮುರಿದ. ಮೊಮ್ಮಗಳು ಅಂಜನಿ ಇದಕ್ಕಾಗಿಯೇ ಕಾಯುತ್ತಿದ್ದಳು.

"ಆಜಾ, ಐದು ಹಾಡು ಸಾಲೋದಿಲ್ಲವಂತೆ. ನನ್ನ ಆಲ್ಬಮ್‌ಗೆ ಆರಾದರೂ ಬೇಕಂತೆ. ಸ್ಟುಡಿಯೋದವನು ದೋಣಿ ಹಾಡು ಹಾಕು ಅಂತಾನೆ. ಜಗ್ರೂಪ್ ಅಂತ ನಿಮ್ಮ ಹೆಸರು ಹೇಳಿದ್ರೆ ಜನಕ್ಕೆ ನೆನಪಿರೋದು ಅದೇ ಅಂತೆ."

"ನೆನಪಿರೋರು ನೆನಪಿಟ್ಕೊಳ್ಳಲಿ. ಅದು ನನ್ನ ಜೊತೆ ಬರುತ್ತೆ."

"ಎಲ್ಲಿಗೆ?" ಆಜಿ ತವೆಯ ಮೇಲಿನ ರೊಟ್ಟಿ ತಿರುವಿಹಾಕಿದಳು. "ಚಿತೆಗಾ? ಅಲ್ಲಿ ಯಾರು ಕೂತು ಕೇಳ್ತಾರೆ?"

"ಆ ಹಾಡಿನ ಮೇಲೆ ಕಣ್ಣಿಟ್ಟೋರು ಇದಾರೆ, ದುಲಾರಿ. ನಿನಗೆ ಗೊತ್ತು."

"ಬಂತು ನೋಡು ಬಿಸೂನನ ಹೆಸರು. ಒಂದೇ ಗುರುವಿನ ಹತ್ರ ಕೂತು ಕಲಿತೋರು ಇಬ್ಬರೂ. ಮೂವತ್ತು ವರ್ಷದಿಂದ ಅವನ ಮನೇಲಿ ಇವರು ಒಂದು ಲೋಟ ನೀರು ಮುಟ್ಟಿಲ್ಲ. ಪಾಪ, ಅವನ ಹೆಂಡತಿ ಸತ್ತ ಹದಿಮೂರನೇ ದಿನದ ಊಟಕ್ಕೆ ಹೋಗಿ ಒಣಬಾಯಲ್ಲಿ ಎದ್ದು ಬಂದ್ರು. ಯಾಕೆ ಅಂದ್ರೆ ಹೇಳೋದಿಲ್ಲ."

ಆಜಾ ರೊಟ್ಟಿಯ ತುಂಡನ್ನು ಬಾಯಿಗಿಟ್ಟ. ಆ ಮನೆಯಲ್ಲಿ ಮೌನಕ್ಕೂ ಒಂದು ಕುರ್ಚಿ ಇತ್ತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ.

ಭಾರತದಿಂದ ಕೂಲಿಗೆಂದು ಹಡಗಿನಲ್ಲಿ ಬಂದ ಮುತ್ತಜ್ಜಂದಿರು ಬಾಯಲ್ಲಿ ಹೊತ್ತು ತಂದ ಧ್ರುಪದ್, ಠುಮ್ರಿಗಳು ಟ್ರಿನಿಡಾಡಿನ ಕಬ್ಬಿನ ನೆಲದಲ್ಲಿ ಬೇರೆಯೇ ನೀರು ಕುಡಿದು ಬೆಳೆದಿದ್ದವು. ಇಲ್ಲಿನವರು ಅದನ್ನು ಸುಮ್ಮನೆ 'ಕ್ಲಾಸಿಕಲ್' ಎನ್ನುತ್ತಿದ್ದರು. ಒಂದು ಕಾಲಕ್ಕೆ ಈ ಕಡೆಯ ಮದುವೆಮನೆಗಳಲ್ಲಿ ಜಗ್ರೂಪ್ ಬಂದು ಕೂರದೆ ಚಪ್ಪರ ತುಂಬುತ್ತಿರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ದನಿ ಹೋಯಿತು. ಗೊರಗೊರ ಮಾತು ಉಳಿಯಿತು. ಈಗ ದಂತಾಲ್ ಮಾತ್ರ ನುಡಿಸುತ್ತಿದ್ದ. ಎತ್ತಿನ ಗಾಡಿಯ ಅಚ್ಚನ್ನು ನೀಳವಾಗಿ ಬಡಿದು ಮಾಡಿದ ಕಬ್ಬಿಣದ ಸಲಾಕೆ ಅದು. ಬಾರಿಸಲು ಕುದುರೆಯ ಲಾಳ. ದನಿ ಒಂದು ತಲೆಮಾರು ಹಾರಿ ಅಂಜನಿಗೆ ಬಂದಿತ್ತು. ನಡುವೆ ಇದ್ದ ಅವಳ ಅಪ್ಪ ಲಖನ್‌ಗೆ ಸಂಗೀತ ಹತ್ತಲಿಲ್ಲ ಎಂದು ಆಜಾ ಹೇಳುತ್ತಿದ್ದ. ಕಲಿಸಲೇ ಇಲ್ಲ ಎಂದು ಆಜಿ ಹೇಳುತ್ತಿದ್ದಳು. ಲಖನ್ ಏನೂ ಹೇಳುತ್ತಿರಲಿಲ್ಲ. ಪೆನಾಲ್‌ನಿಂದ ಸ್ಯಾನ್ ಫರ್ನಾಂಡೋಗೆ ಟ್ಯಾಕ್ಸಿ ಓಡಿಸುತ್ತಿದ್ದ. ಅಪ್ಪ ಮಗ ನೇರ ಮಾತನಾಡಿದ್ದನ್ನು ಅಂಜನಿ ಕಂಡಿರಲಿಲ್ಲ. "ನಿನ್ನ ಅಪ್ಪನಿಗೆ ಹೇಳು, ಗೇಟು ಕಿರುಗುಟ್ತಿದೆ," ಎನ್ನುವನು ಆಜಾ. ಮರುದಿನ ಗೇಟು ಕಿರುಗುಟ್ಟುತ್ತಿರಲಿಲ್ಲ. ಅಷ್ಟೇ.

ಸ್ಟುಡಿಯೋದ ಬಾಡಿಗೆ ಕೊಟ್ಟವಳು ಅಮ್ಮ ಸಬಿತ್ರಿ. ಡೆಬೆಯ ರಸ್ತೆಬದಿಯಲ್ಲಿ ಸಹೀನಾ, ಕಚೋರಿ ಕರಿದು ಮಾರುತ್ತಿದ್ದಳು. "ಕೇಳೋರು ಕೇಳಿದ್ರೆ, ಹಾಡಿದ್ದು ನನ್ನ ಬಾಂಡ್ಲೆ ಅಂತ ಹೇಳು," ಎಂದಿದ್ದಳು.

ಮೊದಲ ಐದು ಹಾಡುಗಳಿಗೆ ಆಜಾನೇ ಬಂದ. ಸ್ಟುಡಿಯೋ ಎಂದರೆ ಸ್ಯಾನ್ ಫರ್ನಾಂಡೋದ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆ. ಗೋಡೆಗೆಲ್ಲ ಮೊಟ್ಟೆಯ ತಟ್ಟೆಗಳನ್ನು ಅಂಟಿಸಿದ್ದರು. ಹುಡುಗರಿಬ್ಬರು ಹಾರ್ಮೋನಿಯಮ್, ಢೋಲಕ್ ಹಿಡಿದು ಕೂತರು. ಆಜಾನ ಕಿವಿಗೆ ಹೆಡ್‌ಫೋನ್ ಹಾಕಿದರು. ಅವನು ಒಂದು ನಿಮಿಷ ಕೇಳಿ ತೆಗೆದಿಟ್ಟ.

"ಒಳಗೆ ಯಾರದೋ ಗಡಿಯಾರ ಇದೆ."

"ಅದು ಲಯಕ್ಕೆ, ಅಂಕಲ್," ಎಂದ ಸ್ಟುಡಿಯೋದವನು. "ಎಲ್ಲರೂ ಒಂದೇ ವೇಗದಲ್ಲಿ ಹೋಗಲಿ ಅಂತ."

"ನನ್ನ ಹುಡುಗಿ ಉಸಿರು ತಗೊಂಡು ಹಾಡ್ತಾಳೆ. ಉಸಿರಾಡದ ಗಡಿಯಾರದ ಜೊತೆ ಅವಳಿಗೇನು ಕೆಲಸ?"

ಗಡಿಯಾರ ತೆಗೆದರು. ಅಂಜನಿ ಕಣ್ಣು ಮುಚ್ಚಿ ಹಾಡಿದಳು. ಅವಳ ಉಸಿರು ಎಲ್ಲಿ ತೀರುವುದೋ ಅಲ್ಲಿ ಆಜಾನ ಲಾಳ ಒಂದು ಎಳೆ ತಡೆದು ಕಾಯುತ್ತಿತ್ತು. ಮೆಟ್ಟಿಲ ಮೇಲೆ, ಬಾಗಿಲ ಹೊರಗೆ ಲಖನ್ ಕೂತಿದ್ದ. ಬಾಗಿಲು ತೆರೆದಾಗ ಅವನ ಬೆರಳುಗಳು ಮೊಣಕಾಲ ಮೇಲೆ ಆಡುತ್ತಿದ್ದದ್ದು ಕಾಣಿಸಿತು. ಅವಳು ನೋಡಿದ್ದನ್ನು ಕಂಡು ನಿಂತವು.

ಆ ವಾರದ ಕೊನೆಯಲ್ಲಿ ಅಪ್ಪ ಅವಳನ್ನು ಟ್ಯಾಕ್ಸಿಯಲ್ಲಿ ಕರೆದೊಯ್ದು, ಮನೆಯ ರಸ್ತೆಗೆ ತಿರುಗದೆ, ಜೌಗು ನೀರಿನ ಅಂಚಿನಲ್ಲಿ ನಿಲ್ಲಿಸಿದ. ಮಧ್ಯಾಹ್ನದ ಬಿಸಿಲು ಹುಲ್ಲಿನ ಮೇಲೆ ಹೊಗೆಯಂತೆ ಏಳುತ್ತಿತ್ತು. ದೂರದಲ್ಲಿ ಯಾರದೋ ಅಂಗಳದ ಬಿದಿರಿನ ತುದಿಗೆ ಕೆಂಪು, ಹಳದಿ ಝಂಡಿಗಳು ಗಾಳಿಯಿಲ್ಲದೆ ಜೋತುಬಿದ್ದಿದ್ದವು. ಅವನು ಸೀಟಿನ ಕೆಳಗಿನಿಂದ ಹಾಲಿನ ಪುಡಿಯ ಡಬ್ಬಿ ತೆಗೆದ. ಬೋಲ್ಟು, ನಟ್ಟುಗಳ ಅಡಿಯಲ್ಲಿ, ಬಟ್ಟೆಯಲ್ಲಿ ಸುತ್ತಿದ ಒಂದು ಕ್ಯಾಸೆಟ್.

"ಇಲ್ಲೇ ಪಕ್ಕದ ಬ್ಯಾರಕ್‌ಪೋರ್‌ನಲ್ಲಿ ಒಂದು ಮದುವೆ," ಎಂದ. "ನನಗೆ ಹದಿನೈದು. ನಿನ್ನ ಆಜಾ ಕೊನೇ ಸಲ ದೋಣಿ ಹಾಡು ಹಾಡಿದ್ದು ಅವತ್ತೇ. ಆಮೇಲೆ ಯಾಕೋ ಹಾಡಲೇ ಇಲ್ಲ."

"ನಿನಗೆ ಎಲ್ಲಿಂದ ಬಂತು ಇದು, ಪಾ?"

"ಬಂತು." ಕ್ಯಾಸೆಟ್ಟನ್ನು ಕಾರಿನ ಟೇಪಿನ ಬಾಯಿಗೆ ಇಟ್ಟ. "ಕೇಳು."

ಮೊದಲು ಬರೀ ಗದ್ದಲ. ತಟ್ಟೆಗಳು, ಮಗುವಿನ ಅಳು, ಯಾರದೋ ನಗು. ಆಮೇಲೆ ಗದ್ದಲದ ಅಡಿಯಿಂದ ಒಂದು ದನಿ ಎದ್ದಿತು. ಗೊರಗೊರ ಇಲ್ಲದ ಆಜಾನ ದನಿಯನ್ನು ಅಂಜನಿ ಚಿಕ್ಕಂದಿನಲ್ಲಿ ಕೇಳಿದ್ದಳು, ಆದರೆ ಹೀಗಲ್ಲ. ನಡುವೆ ಒಂದು ಕಡೆ ಆ ದನಿ ನಿಂತಿತು. ಎರಡು ಉಸಿರಿನಷ್ಟು ಹೊತ್ತು. ಮತ್ತೆ ಹೊರಟಿತು. ಮಾತುಗಳ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಯಾವ ಹಾಡಿನದೂ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟ ಹಿಂದಿಯನ್ನು ನಾಲಿಗೆಯಿಂದಲೇ ಕಲಿತವಳು ಅವಳು, ಅವಳ ಓರಗೆಯ ಎಲ್ಲ ಹಾಡುಗಾರರಂತೆ. ಆದರೂ ಕಾರು ಮೆಲ್ಲಗೆ ನೀರಿಗೆ ಇಳಿದು ತೇಲಿದಂತೆನಿಸಿತು.

ಮೂರು ವಾರ, ದಿನಕ್ಕೆ ಅರ್ಧ ಗಂಟೆ, ಆ ಟ್ಯಾಕ್ಸಿಯಲ್ಲೇ ಕಲಿತಳು. ಆರನೆಯ ಹಾಡಿಗೆ ದಂತಾಲ್ ಬೇಕಿತ್ತು. ಆಜಾನನ್ನು ಕರೆಯುವಂತಿರಲಿಲ್ಲ. ಲಖನ್ ಕಬ್ಬಿಣದ ಸಲಾಕೆಯನ್ನು ಸ್ಟುಡಿಯೋದ ನೆಲಕ್ಕೂರಿ, ಲಾಳ ಹಿಡಿದು ಕೂತಾಗ ಅಂಜನಿ ಬೆರಗಾಗಿ ನೋಡಿದಳು.

"ನಿನಗೆ ಬರುತ್ತಾ?"

"ಟ್ಯಾಕ್ಸಿ ಸ್ಟಿಯರಿಂಗ್ ಮೇಲೆ ಬರುತ್ತೆ. ಇದರ ಮೇಲೆ ನೋಡೋಣ."

ಬಂತು. ಅವಳ ಉಸಿರು ತೀರುವಲ್ಲಿ ಅಪ್ಪನ ಲಾಳವೂ ತಡೆದು ಕಾಯಿತು.

ಡಿಸ್ಕುಗಳು ಅಚ್ಚಾಗಿ ಬಂದವು. ಹೊದಿಕೆಯ ಮೇಲೆ ಅಂಜನಿ ಹಸಿರು ಸೀರೆಯಲ್ಲಿ, ಮನೆಯ ಕಂಬಕ್ಕೆ ಒರಗಿ ನಿಂತಿದ್ದಳು. ಬಿಡುಗಡೆಗೆ ಇನ್ನೂ ಎರಡು ವಾರ. ಆಜಾನಿಗೆ ಹೇಗೆ ಹೇಳುವುದೆಂದು ತಾಯಿ ಮಗಳು ದಿನವೂ ಪಿಸುಗುಟ್ಟುತ್ತಿದ್ದರು. ಸ್ಟುಡಿಯೋದವನು ಕಾಯಲಿಲ್ಲ, ರೇಡಿಯೋದವರಿಗೆ ಒಂದು ಪ್ರತಿ ಕೊಟ್ಟಿದ್ದ.

ಸೋಮವಾರ ಬೆಳಗ್ಗೆ ಸತ್ತವರ ಹೆಸರು ಮುಗಿಯಿತು. ಆಜಾ ರೊಟ್ಟಿ ಮುರಿದು ಟೊಮ್ಯಾಟೊ ಚೋಖಾದಲ್ಲಿ ಅದ್ದಿದ. ಆಗ ರೇಡಿಯೋದಿಂದ ಅಂಜನಿಯ ದನಿ ಬಂತು. ಪೆನಾಲ್‌ನ ಹೊಸ ಹಾಡುಗಾರ್ತಿ, ಜಗ್ರೂಪನ ಮೊಮ್ಮಗಳು, ಅವಳ ಮೊದಲ ಆಲ್ಬಮ್‌ನಿಂದ, ದೋಣಿ ಹಾಡು.

ಸಬಿತ್ರಿಯ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ಆಜಾ ತುತ್ತನ್ನು ತಟ್ಟೆಗೆ ಇಟ್ಟು ಕೊನೆಯ ತನಕ ಕೇಳಿದ. ಅಂಜನಿ ಬಯ್ಗುಳಕ್ಕೆ ಕಾಯುತ್ತಿದ್ದಳು. ಅವನು ಕೇಳಿದ್ದು ಬೇರೆ.

"ದಂತಾಲ್ ಯಾರದು?"

ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದ ಲಖನ್ ತಲೆ ಎತ್ತಲಿಲ್ಲ. "ನಂದು."

"ಅಂಜನಿ, ಹಾಡು ಎಲ್ಲಿಂದ ಬಂತು ಅಂತ ನಿನ್ನ ಅಪ್ಪನ್ನ ಕೇಳು."

"ಟೇಪಿಂದ," ಎಂದ ಲಖನ್. "ಬ್ಯಾರಕ್‌ಪೋರ್ ಮದುವೇಲಿ ಬೆಂಚಿನ ಕೆಳಗೆ ಟೇಪ್ ರೆಕಾರ್ಡರ್ ಇಟ್ಟಿದ್ದು ನಾನು. ನೀವು ಕಲಿಸ್ತಿರಲಿಲ್ಲ. ಸಾಲ ತಂದಿದ್ದ ಟೇಪು."

ಆಜಾ ಮೇಜಿನ ಅಂಚು ಹಿಡಿದುಕೊಂಡ.

"ಅದು ಬಿಸೂನ್ ಕೂತಿದ್ದ ಬೆಂಚು," ಎಂದ ನಿಧಾನವಾಗಿ.

"ಅಲ್ಲಿ ಜಾಗ ಇತ್ತು, ಅಲ್ಲಿಟ್ಟೆ."

ಅಂಜನಿಗೆ ಆಗಲೂ ಅರ್ಥವಾಗಲಿಲ್ಲ. ಆಜಾ ಅವಳ ಕಡೆ ತಿರುಗಿ, ಪಾಠ ಹೇಳುವ ದನಿಯಲ್ಲೇ ಹೇಳಿದ:

"ಹಾಡುತ್ತಾ ಹಾಡುತ್ತಾ ಟೇಪಿನ ಕೆಂಪು ದೀಪ ಕಂಡೆ. ಬಿಸೂನ್ ಕದೀತಿದಾನೆ ಅಂದ್ಕೊಂಡೆ. ಗುರು ಆ ಹಾಡು ನನಗೊಬ್ಬನಿಗೇ ಕೊಟ್ಟಿದ್ದು, ಬಿಸೂನ್‌ಗೆ ಅದರ ಮಾತು ಗೊತ್ತಿಲ್ಲ ಅಂದ್ಕೊಂಡಿದ್ದೆ. ನಿಲ್ಲಿಸಿದೆ. ಆಮೇಲೆ ಚರಣ ಅದಲುಬದಲು ಮಾಡಿದೆ. ಮದುವೆ ಆದ ಹುಡುಗಿ ದೋಣಿ ಹತ್ತಿ ಹೋಗೋ ಹಾಡು ಅದು. ಎರಡನೇ ಚರಣದಲ್ಲಿ ದೋಣಿ ದಡ ಬಿಡುತ್ತೆ, ಅಮ್ಮ ಚಿಕ್ಕದಾಗ್ತಾ ಕಾಣ್ತಾಳೆ. ಮೂರನೇದು ನಡುನೀರು. ನಾಕನೇದರಲ್ಲಿ ಆಚೆ ದಡ ಮುಟ್ಟುತ್ತೆ, ಅಲ್ಲಿ ಅವಳ ಹೆಸರು ಯಾರಿಗೂ ಗೊತ್ತಿಲ್ಲ. ನಾನು ನಾಕನೇದನ್ನ ಎರಡನೇದು ಮಾಡಿದೆ. ಅರ್ಥ ಗೊತ್ತಿಲ್ಲದೆ ಕದ್ದೋನು ಹಾಗೇ ಹಾಡ್ತಾನೆ. ಹಾಡಿದ ದಿನ ಸಿಕ್ಕಿಬೀಳ್ತಾನೆ. ಹೊರಡೋ ಮೊದಲೇ ದೋಣಿ ಮುಟ್ಟಿಸಿದ ಪೆದ್ದ ಅಂತ ನಾಕು ಹಳೇ ಹಾಡುಗಾರರು ನಗ್ತಾರೆ ಅಂತ ಕಾಯ್ತಿದ್ದೆ. ಮೂವತ್ತೊಂದು ವರ್ಷ."

ರೇಡಿಯೋದಲ್ಲಿ ಸಾಬೂನಿನ ಜಾಹೀರಾತು ಬಂತು. ಆಜಿ ಅದನ್ನು ಆರಿಸಿದಳು.

"ಕಳ್ಳ ಮನೆ ಒಳಗೇ ಇದ್ದ," ಎಂದಳು. "ನೀವು ಬೇಲಿ ಕಟ್ಟಿದ್ದು ರಸ್ತೆ ಕಡೆಗೆ."

ಆಜಾ ಎದ್ದು ಕೈ ತೊಳೆದು, ಕಂಬಗಳ ಮೇಲೆ ನಿಂತ ಆ ಮನೆಯ ಕೆಳಗಿನ ನೆರಳಿಗೆ ಹೋಗಿ ಹ್ಯಾಮಕ್ ಜೋಲಿಯಲ್ಲಿ ಮಲಗಿದ. ಸಂಜೆಯ ತನಕ ಏಳಲಿಲ್ಲ.

ಮುಂದಿನ ದಿನಗಳು ನೀರಿನಡಿಯಲ್ಲಿ ನಡೆದಂತೆ ನಡೆದವು. ಅಂಜನಿ ದಾಲ್ ಬಗ್ಗರಿಸುವಾಗ ಬೆಳ್ಳುಳ್ಳಿ ಕರಕಲಾಯಿತು, ಯಾರೂ ಬಯ್ಯಲಿಲ್ಲ. ಆಜಾ ಬೆಳಗಿನ ಹೆಸರುಗಳನ್ನು ಕೇಳುವುದನ್ನೂ ಬಿಟ್ಟ.

"ಮತ್ತೆ ರೆಕಾರ್ಡ್ ಮಾಡೋಣವಾ?" ಎಂದು ಒಂದು ಮಧ್ಯಾಹ್ನ ಅಂಜನಿ ಅಮ್ಮನನ್ನು ಕೇಳಿದಳು.

"ಐನೂರು ಡಿಸ್ಕ್ ಮಂಚದ ಕೆಳಗಿದೆ, ಬೇಟಿ. ರೇಡಿಯೋದಲ್ಲಿ ದಿನಕ್ಕೆರಡು ಸಲ ಬರ್ತಿದೆ. ಇನ್ಯಾವ ದೋಣಿ ಹಿಂದೆ ಕರೀತೀಯಾ? ಆ ಪಾಲಕ್ ಕೊಡು ಇಲ್ಲಿ."

"ಬಿಡುಗಡೆ ದಿನ ಮಂದಿರಕ್ಕೆ ಹಳೇ ಹಾಡುಗಾರರೆಲ್ಲ ಬರ್ತಾರೆ. ಬಿಸೂನ್ ಮೊದಲ ಸಾಲಲ್ಲಿ ಕೂರ್ತಾರೆ. ಮಂದಿರದವರು ಅವರ ಕೈಲೇ ಡಿಸ್ಕ್ ಬಿಡುಗಡೆ ಮಾಡಿಸ್ತಿದಾರೆ. ಅವರಿಗೆ ಅರ್ಥ ಗೊತ್ತು. ಅವರು ನಕ್ಕರೆ ಮುಗೀತು. ಮತ್ತೆ ಯಾವ ಮದುವೆಮನೆಗೂ ಯಾರೂ ಕರೆಯೋದಿಲ್ಲ."

ಸಬಿತ್ರಿ ಎಲೆಗಳನ್ನು ಹಿಟ್ಟಿನಲ್ಲಿ ಅದ್ದಿದಳು. ಆಮೇಲೆ, "ನಿನ್ನ ಆಜಾನ್ನ ಕೇಳು. ಬೀಗ ಹಾಕಿದೋನ ಹತ್ರ ತಾನೆ ಕೀಲಿಕೈ ಇರೋದು," ಎಂದಳು.

ಕೇಳುವ ಧೈರ್ಯ ಬಂದದ್ದು ಬಿಡುಗಡೆಯ ದಿನ ಬೆಳಗ್ಗೆ. ಆಜಾ ಹ್ಯಾಮಕ್‌ನಲ್ಲಿದ್ದ. ಎದೆಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಕುರ್ತಾ. ಆಜಿ ಏನೂ ಹೇಳದೆ ಇಟ್ಟುಹೋಗಿದ್ದಳು.

"ಆಜಾ, ಸರಿಯಾದ ಕ್ರಮದಲ್ಲಿ ಹಾಡಲಾ?"

"ಆಗ ಡಿಸ್ಕ್ ಸುಳ್ಳಾಗುತ್ತೆ."

"ಡಿಸ್ಕ್‌ನಲ್ಲಿ ಇರೋ ಹಾಗೆ ಹಾಡಿದ್ರೆ?"

ಹ್ಯಾಮಕ್ ಹಗ್ಗ ಕೊಂಚ ಕಿರುಗುಟ್ಟಿತು. "ಹಾಗೇ ಹಾಡು. ತಪ್ಪು ನಿಂದಲ್ಲ. ಅದನ್ನ ಮಾಡಿಟ್ಟೋನು ನಾನು."

"ನೀವು ಬರ್ತೀರಾ?"

ಆಜಾ ಎದೆಯ ಮೇಲಿನ ಕುರ್ತಾದ ಅಂಚು ಸವರಿದ. ಮಧ್ಯಾಹ್ನ ಮೂರಕ್ಕೆ ಎಲ್ಲರೂ ಟ್ಯಾಕ್ಸಿ ಹತ್ತುವಾಗ ಆಜಾ ಬಿಳಿ ಕುರ್ತಾದಲ್ಲಿ ಬಂದು ಮಗನ ಪಕ್ಕದ ಸೀಟಿನಲ್ಲಿ ಕೂತ. ಡೆಬೆಯ ತನಕ ಇಬ್ಬರೂ ರಸ್ತೆಯನ್ನೇ ನೋಡಿದರು.

ಮಂದಿರದ ಹಾಲ್ ತುಂಬಿತ್ತು. ಹಿಂದಿನ ಅಂಗಳದಲ್ಲಿ ಕಡಾಯಿಗಳಲ್ಲಿ ಕುಂಬಳಕಾಯಿ, ಕಡಲೆ ಬೇಯುತ್ತಿದ್ದವು. ಊಟ ಬಡಿಸಲು ಅಗಲವಾದ ಸೊಹಾರಿ ಎಲೆಗಳನ್ನು ಒರೆಸಿ ಜೋಡಿಸುತ್ತಿದ್ದರು. ಮೊದಲ ಸಾಲಿನಲ್ಲಿ ಬಿಸೂನ್, ಕೋಲಿನ ಮೇಲೆ ಎರಡೂ ಕೈಯಿಟ್ಟು, ಗಲ್ಲ ಊರಿ ಕೂತಿದ್ದ. ತೆಳ್ಳನೆಯ ಮನುಷ್ಯ. ಕಣ್ಣು ಮುಚ್ಚಿದ್ದವು.

ಮೊದಲ ಐದು ಹಾಡಿಗೂ ಆಜಾ ದಂತಾಲ್ ನುಡಿಸಿದ. ಆರನೆಯದಕ್ಕೆ ಮುಂಚೆ ಲಾಳವನ್ನು ಕೆಳಗಿಟ್ಟ. ಹಾಲ್‌ನ ಪಕ್ಕದ ಬಾಗಿಲಲ್ಲಿ ನಿಂತಿದ್ದ ಲಖನ್ ಕಡೆ ನೋಡಿದ.

"ಲಖನ್," ಎಂದ. ಆ ಹೆಸರು ಅವನ ಬಾಯಲ್ಲಿ ಎಷ್ಟು ಹಳೆಯದಾಗಿ ಕೇಳಿಸಿತೆಂದರೆ ಅಂಜನಿ ತಿರುಗಿ ನೋಡಿದಳು. "ಇದು ನೀನು ಬಾರಿಸಿದ್ದು. ನೀನೇ ಬಾ."

ಲಖನ್ ಶೂ ಬಿಚ್ಚಿ ಬಂದು ಕೂತ. ಆಜಾ ಅಲ್ಲೇ, ಅವನ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಉಳಿದ.

ಅಂಜನಿ ಹಾಡಿದಳು. ಈಗ ಅವಳಿಗೆ ಅರ್ಥ ಗೊತ್ತಿತ್ತು. ಮೊದಲ ಚರಣದ ನದಿ ಮುಗಿಯಿತು. ಟೇಪಿನಲ್ಲಿ ಆಜಾ ನಿಂತಿದ್ದ ಜಾಗದಲ್ಲಿ ಅವಳೂ ನಿಂತಳು. ಲಾಳವೂ ಕಾಯಿತು. ಆಮೇಲೆ ಅವಳು ದೋಣಿಯನ್ನು ಆಚೆ ದಡಕ್ಕೆ ಮುಟ್ಟಿಸಿದಳು, ಯಾರಿಗೂ ಹುಡುಗಿಯ ಹೆಸರು ತಿಳಿಯದ ಆ ದಡಕ್ಕೆ. ಎರಡನೇ ಸಾಲಿನಲ್ಲಿ ಒಬ್ಬ ಮುದುಕ ಪಕ್ಕದವನ ಕಿವಿಗೆ ಬಾಗಿದ. ಬಿಸೂನ್ ಕಣ್ಣು ತೆರೆದ. ನಡುನೀರು ಬಂತು. ಕೊನೆಗೆ, ಎಲ್ಲ ಮುಗಿದ ಮೇಲೆ, ದೋಣಿ ಹೊರಟಿತು. ದಡದಲ್ಲಿ ತಾಯಿ ಚಿಕ್ಕವಳಾಗುತ್ತಾ ಹೋದಳು. ಹಾಡು ಮುಗಿದಾಗ ಅದು ಮುಗಿದಂತೆ ಕೇಳಿಸಲಿಲ್ಲ. ಎಲ್ಲೋ ಹೋಗುತ್ತಲೇ ಇತ್ತು.

ಚಪ್ಪಾಳೆ ಬರಲಿಲ್ಲ. ಜನ ಬಿಸೂನ್ ಕಡೆ ನೋಡುತ್ತಿದ್ದರು. ಅವನು ಕೋಲೂರಿ ಎದ್ದ. ಮಂದಿರದವರು ಮೈಕ್ ಹಿಡಿದರು.

"ಈ ಹಾಡು ನಮ್ಮ ಗುರು ಬೇರೆ ಥರ ಹಾಡ್ತಿದ್ರು," ಎಂದ. "ಅದು ನನಗೂ ಗೊತ್ತು, ಜಗ್ರೂಪ್‌ಗೂ ಗೊತ್ತು. ಆದ್ರೆ ಮೂವತ್ತು ವರ್ಷದ ಹಿಂದೆ, ಬ್ಯಾರಕ್‌ಪೋರ್‌ನ ಒಂದು ಮದುವೇಲಿ ಜಗ್ರೂಪ್ ಹೀಗೇ ಹಾಡಿದ. ನಾನು ಎದುರಿಗೇ ಕೂತಿದ್ದೆ. ಯಾಕೆ ಹೀಗೆ ಮಾಡಿದ ಅಂತ ಬಹಳ ವರ್ಷ ಯೋಚಿಸಿದೀನಿ. ಕೇಳೋಣ ಅಂದ್ರೆ ಅವನು ನಮ್ಮನೇಲಿ ಕೂರಲೇ ಇಲ್ಲ." ಕೆಲವರು ನಕ್ಕರು. "ಮೊದಲು ಮುಟ್ಟಿ ಆಮೇಲೆ ಹೊರಡೋ ದೋಣಿ. ಇದು ಆ ಮನೆಯ ದಾರಿ. ಬೇರೆ ಯಾರೂ ಹೀಗೆ ಹಾಡಬಾರದು. ಈ ಹುಡುಗಿ ಹಾಡಬಹುದು."

ಡಿಸ್ಕನ್ನು ಎತ್ತಿ ಹಿಡಿದ. ಆಗ ಚಪ್ಪಾಳೆ ಬಂತು. ಅಂಜನಿ ಆಜಾನ ಕಡೆ ತಿರುಗಿದಳು. ಅವನು ಚಪ್ಪಾಳೆ ತಟ್ಟುತ್ತಿರಲಿಲ್ಲ. ಮಗನ ಕೈಯಲ್ಲಿದ್ದ ಲಾಳವನ್ನು ನೋಡುತ್ತಿದ್ದ.

ಮರುದಿನ ಬೆಳಗ್ಗೆ ಆಜಾ ರೇಡಿಯೋ ಹಾಕಿಸಿ ಹೆಸರುಗಳನ್ನೆಲ್ಲ ಕೇಳಿದ. ರೊಟ್ಟಿ ತಿಂದ. ಆಮೇಲೆ, "ಲಖನ್, ಬ್ಯಾರಕ್‌ಪೋರ್‌ಗೆ ಹೋಗಬೇಕು," ಎಂದ. ಅಂಜನಿಯೂ ಹಿಂದಿನ ಸೀಟಿಗೆ ಹತ್ತಿದಳು. ದಾರಿಯಲ್ಲಿ ಆಜಾ ಗೊರಗೊರ ದನಿಯಲ್ಲಿ ಏನೋ ಗುನುಗುತ್ತಿದ್ದ. ದಡ ಬಿಡುವ ಚರಣ, ಅದರ ಸರಿಯಾದ ಜಾಗದಲ್ಲಿ. ಲಖನ್‌ನ ಬೆರಳುಗಳು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಿದ್ದವು. ಈ ಸಲ ಅವು ನಿಲ್ಲಲಿಲ್ಲ.

ಬಿಸೂನ್ ಮನೆಯ ಕೆಳಗೆ ಬೆಂಚಿನ ಮೇಲೆ ಬಟಾಣಿ ಸುಲಿಯುತ್ತಿದ್ದ. ಕಾರು ನಿಂತದ್ದನ್ನು ಕಂಡು ಎದ್ದ.

"ಕೂರು," ಎಂದ.

ಆಜಾ ಕೂತ. ಆಜಾ ಹೇಳಬೇಕೆಂದಿದ್ದು ಏನೆಂದು ಅಂಜನಿಗೆ ಗೊತ್ತಿತ್ತು. ಬಂದದ್ದು ಇಷ್ಟು:

"ಬಿಸಿಲು ಜೋರಾಗಿದೆ, ಬಿಸೂನ್. ಸ್ವಲ್ಪ ನೀರು ಕೊಡು."

ಬಿಸೂನ್ ಒಳಗೆ ಹೋಗಿ, ತಾನೇ ಲೋಟ ತೊಳೆದು, ನೀರು ತಂದ. ಆಜಾ ಎರಡೂ ಕೈಯಲ್ಲಿ ಹಿಡಿದು ತಳದ ತನಕ ಕುಡಿದ.

"ಮೂವತ್ತು ವರ್ಷಕ್ಕೆ ಬಾಯಾರಿಕೆ ಆಯ್ತಾ?" ಎಂದ ಬಿಸೂನ್.

ಆಜಾ ಖಾಲಿ ಲೋಟವನ್ನು ಮುಂದೆ ಹಿಡಿದ.

"ಇನ್ನೊಂದು ಲೋಟ ಕೊಡು," ಎಂದ.